ಸೊನ್ನೆ ಬಿಲ್ಲಿನ ಮನೆಗೆ ಪ್ಲಗ್-ಇನ್ ಹೈಬ್ರಿಡ್ ಬಂದಿದೆ, ಕರೆಂಟ್ ಹಾಕಲೋ ಪೆಟ್ರೋಲ್ ಹಾಕಲೋ?

ಪ್ರಶ್ನೆ: ನಮ್ಮ ಅಣ್ಣ ಹೈದರಾಬಾದಿನಲ್ಲಿ ಓಡಿಸುತ್ತಿದ್ದ ಪ್ಲಗ್-ಇನ್ ಹೈಬ್ರಿಡ್ ಕಾರನ್ನು (ಪ್ಲಗ್ ಹಾಕಿ ಚಾರ್ಜ್ ಮಾಡಿದರೆ ಕರೆಂಟಿನಲ್ಲಿ, ಇಲ್ಲದಿದ್ದರೆ ಪೆಟ್ರೋಲಿನಲ್ಲಿ ಓಡುವಂಥದ್ದು) ನಮಗೆ ಕೊಟ್ಟು ವಿದೇಶಕ್ಕೆ ಹೋದ. ದೊಡ್ಡ ಗಾಡಿ. ಬ್ಯಾಟರಿ 11 ಯೂನಿಟ್ ಚಿಲ್ಲರೆ. ಫುಲ್ ಚಾರ್ಜ್ ಮಾಡಿದರೆ ಕಲಬುರಗಿ ಊರೊಳಗೆ 28 ಕಿ.ಮೀ. ಬರೀ ಕರೆಂಟಿನಲ್ಲೇ ಹೋಗುತ್ತದೆ. ಪೆಟ್ರೋಲಿನಲ್ಲಿ ಊರೊಳಗೆ ಲೀಟರಿಗೆ 9, ಹೈವೇಯಲ್ಲಿ 13 ಕೊಡುತ್ತದೆ. ಕಾಲೇಜು, ಮಗಳ ಟ್ಯೂಷನ್, ಸೂಪರ್ ಮಾರ್ಕೆಟ್ ಎಲ್ಲ ಸೇರಿ ನನ್ನ ಓಡಾಟ ದಿನಕ್ಕೆ 25 ಕಿ.ಮೀ. ತಿಂಗಳಿಗೆ ಎರಡು ಸಲ ಬೀದರ್‌ಗೆ, ತವರುಮನೆಗೆ ಹೋಗುತ್ತೇವೆ. ನಮ್ಮದು ಗೃಹಜ್ಯೋತಿ ಮನೆ. 143 ಯೂನಿಟ್‌ವರೆಗೆ ಉಚಿತ, ನಾವು ಬಳಸೋದು 140ರ ಆಸುಪಾಸು. ಮಂಜೂರಾದ ಲೋಡ್ 3 ಕಿಲೋವ್ಯಾಟ್. ನಮ್ಮ ಮನೆಯವರು "ಸೊನ್ನಿ ಬಿಲ್ ಬರ್ಲಿಕತ್ತದ, ಅದನ್ಯಾಕ ಕೆಡಸ್ತಿ, ಪೆಟ್ರೋಲೇ ಹಾಕು" ಅಂತಾರೆ. ಪಕ್ಕದ ಮನೆಯವರ ಹೈಬ್ರಿಡ್‌ಗೆ ಚಾರ್ಜೇ ಬೇಕಿಲ್ಲವಂತೆ, ತಾನೇ ಚಾರ್ಜ್ ಆಗುತ್ತಂತೆ. ನಮ್ಮದು ಯಾಕೆ ಹಾಗಿಲ್ಲ? ಯಾವುದು ಅಗ್ಗ, ಲೆಕ್ಕ ಹಾಕಿ ಹೇಳ್ತೀರಾ?

ಉತ್ತರ:

ಅಕ್ಕಾವ್ರೇ, ಮೊದಲು ನಿಮಗೊಂದು ಥ್ಯಾಂಕ್ಸ್. ಇಂಥ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ "ಎಷ್ಟು ಮೈಲೇಜು" ಅಂತ ಒಂದೇ ಸಾಲು ಬರೆದು ಕಳಿಸ್ತಾರೆ. ನೀವು ಲೆಕ್ಕಕ್ಕೆ ಬೇಕಾದ ಅಂಕಿಗಳನ್ನೆಲ್ಲ ಕೊಟ್ಟಿದ್ದೀರಿ, ಅದರಲ್ಲೂ ಗೃಹಜ್ಯೋತಿಯ 143 ಮತ್ತು 140 ಹೇಳಿದ್ದೀರಲ್ಲ, ನಿಮ್ಮ ಇಡೀ ಲೆಕ್ಕ ನಿಂತಿರೋದೇ ಅದರ ಮೇಲೆ. ಕಾರಿನ ಕಂಪನಿಯವರು ಕೊಡುವ ಯಾವ ಪುಸ್ತಕದಲ್ಲೂ ಆ ಮಾತು ಇರುವುದಿಲ್ಲ.

ನೇರವಾಗಿ ಹೇಳ್ತೀನಿ. ದಿನಾ ಚಾರ್ಜ್ ಮಾಡಿದರೆ ನಿಮಗೆ ತಿಂಗಳಿಗೆ ಹತ್ತಿರ ಹತ್ತಿರ 4 ಸಾವಿರ ರೂಪಾಯಿ ಉಳಿಯುತ್ತದೆ, ಸೊನ್ನೆ ಬಿಲ್ ಹೋದ ಮೇಲೂ. ಆದರೆ ಅರೆಮನಸ್ಸಿನಿಂದ ವಾರಕ್ಕೆ ಒಂದೂವರೆ, ಎರಡು ಸಲ ಚಾರ್ಜ್ ಮಾಡಿದರೆ ಸೊನ್ನೆ ಬಿಲ್ಲೂ ಹೋಗುತ್ತದೆ, ಉಳಿತಾಯವೂ ಕೈಗೆ ಹತ್ತುವುದಿಲ್ಲ. ಹೇಗೆ ಅಂತ ನಿಧಾನಕ್ಕೆ ನೋಡೋಣ.

ಮೊದಲು ಒಂದು ಯೂನಿಟ್ ಕರೆಂಟಿಗೆ ನಿಮ್ಮ ಕಾರು ಎಷ್ಟು ದೂರ ಹೋಗುತ್ತದೆ ಅನ್ನೋದು ಗೊತ್ತಾಗಬೇಕು. ಇಲ್ಲೇ ಬಹಳ ಜನ ತಪ್ಪುತ್ತಾರೆ. ಬ್ಯಾಟರಿ 11 ಯೂನಿಟ್ ಅಂತ ಬರೆದಿದೆ, 28 ಕಿ.ಮೀ. ಹೋಯ್ತು, ಭಾಗಿಸಿದರೆ ಆಯ್ತು ಅಂದ್ಕೊಳ್ತಾರೆ. ಹಾಗಲ್ಲ. ಬ್ಯಾಟರಿ ಪೂರ್ತಿ ಬರಿದಾಗಲು ಕಾರು ಬಿಡುವುದಿಲ್ಲ, ಕೆಳಗೆ ಸ್ವಲ್ಪ ಉಳಿಸಿಕೊಂಡೇ ಎಂಜಿನ್ ಶುರು ಮಾಡುತ್ತದೆ. ಹಾಗಾಗಿ ಕೈಗೆ ಸಿಗೋದು ಸುಮಾರು 9 ಯೂನಿಟ್. ಇನ್ನೊಂದು ಕಡೆ, ಗೋಡೆಯ ಸಾಕೆಟ್ಟಿನಿಂದ ಬ್ಯಾಟರಿಗೆ ಹೋಗುವಷ್ಟರಲ್ಲಿ 10ರಿಂದ 15 ಪರ್ಸೆಂಟ್ ಕರೆಂಟ್ ಬಿಸಿಯಾಗಿ ಹೋಗುತ್ತದೆ. ಚಾರ್ಜ್ ಆಗುವಾಗ ಚಾರ್ಜರ್ ಡಬ್ಬಿ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಆ ಬಿಸಿಗೂ ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂಗೆ ದುಡ್ಡು ಕಟ್ಟೋದು ನೀವೇ. ಬ್ಯಾಟರಿಗೆ 9 ಯೂನಿಟ್ ತುಂಬಬೇಕಾದರೆ ಮೀಟರಿನಲ್ಲಿ ಸುಮಾರು 10.5 ಯೂನಿಟ್ ಓಡುತ್ತದೆ. ಅಂದರೆ 28 ಕಿ.ಮೀ.ಗೆ 10.5 ಯೂನಿಟ್, ಯೂನಿಟ್‌ಗೆ 2.67 ಕಿ.ಮೀ. ಎರಡು ಟನ್ ತೂಗುವ ದೊಡ್ಡ ಗಾಡಿಗೆ ಇದೇನು ಕಡಿಮೆಯಲ್ಲ.

ಈ 10.5 ನನ್ನ ಅಂದಾಜು. ನಿಮ್ಮ ಮನೆಯ ನಿಜವಾದ ಅಂಕಿಯನ್ನು ನೀವೇ ಹಿಡಿಯಬಹುದು, ಅದಕ್ಕೆ ಯಾವ ಯಂತ್ರವೂ ಬೇಡ. ರಾತ್ರಿ ಮಲಗುವ ಮುಂಚೆ ಮೀಟರಿನ ರೀಡಿಂಗ್ ಫೋಟೋ ತೆಗೆಯಿರಿ, ಫ್ಯಾನು ಫ್ರಿಜ್ಜು ಬಿಟ್ಟು ಉಳಿದದ್ದೆಲ್ಲ ಆಫ್ ಮಾಡಿ ಚಾರ್ಜ್‌ಗೆ ಹಾಕಿ, ಬೆಳಿಗ್ಗೆ ಮತ್ತೊಂದು ಫೋಟೋ ತೆಗೆಯಿರಿ. ಮರುದಿನ ಚಾರ್ಜ್ ಇಲ್ಲದ ರಾತ್ರಿ ಇದನ್ನೇ ಮಾಡಿ. ಎರಡರ ವ್ಯತ್ಯಾಸವೇ ಕಾರು ಕುಡಿದ ಕರೆಂಟು.

ಇನ್ನೂ ಒಂದು ಇದೆ, ನನಗೆ ಬಹಳ ಇಷ್ಟವಾದದ್ದು. ಮೀಟರಿನ ಮುಖದ ಮೇಲೆ ಒಂದು ಚಿಕ್ಕ ಕೆಂಪು ದೀಪ ಮಿಣುಕುತ್ತಿರುತ್ತದೆ ನೋಡಿ. ಅದರ ಹತ್ತಿರ 1600 ಅಂತಲೋ 3200 ಅಂತಲೋ ಬರೆದಿರುತ್ತದೆ. ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಅಂತ ಅರ್ಥ. ಮನೆಯ ಉಳಿದ ಸ್ವಿಚ್ಚುಗಳನ್ನೆಲ್ಲ ಐದು ನಿಮಿಷ ಆರಿಸಿ, ಕಾರು ಮಾತ್ರ ಚಾರ್ಜ್‌ಗೆ ಹಾಕಿ, ಮೀಟರ್ ಮುಂದೆ ಗಡಿಯಾರ ಹಿಡಿದು ನಿಂತುಕೊಳ್ಳಿ. 1600ರ ಮೀಟರ್ ಆಗಿದ್ದರೆ ಕೆಂಪು ದೀಪ ಹೆಚ್ಚುಕಮ್ಮಿ ಸೆಕೆಂಡಿಗೊಂದು ಸಲ ಮಿಣುಕಬೇಕು. ಕಾರಿನ ಜೊತೆ ಬರುವ ಚಾರ್ಜರ್ 10 ಆಂಪಿಯರ್ ಎಳೆಯುತ್ತದೆ, 230 ವೋಲ್ಟ್ ಇದ್ದರೆ 2.3 ಕಿಲೋವ್ಯಾಟ್. ಆ ಲೆಕ್ಕಕ್ಕೆ ನಾಲ್ಕೂವರೆ ಗಂಟೆಯಲ್ಲಿ ನಿಮ್ಮ ಕಾರು ತುಂಬುತ್ತದೆ. ಮಗಳನ್ನೂ ಜೊತೆಗೆ ನಿಲ್ಲಿಸಿಕೊಳ್ಳಿ. ಯೂನಿಟ್ ಅಂದರೇನು ಅಂತ ಶಾಲೆಯ ಪುಸ್ತಕದಲ್ಲಿ ಓದೋದಕ್ಕಿಂತ ಆ ದೀಪ ಎಣಿಸಿದರೆ ಚೆನ್ನಾಗಿ ತಲೆಗೆ ಹೋಗುತ್ತದೆ.

ಈಗ ಬೆಲೆ. 2025–26ರ ದರದಲ್ಲಿ ಮನೆ ಬಳಕೆಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಅದರ ಮೇಲೆ 9 ಪರ್ಸೆಂಟ್ ತೆರಿಗೆ, ಅದು 52 ಪೈಸೆ. ಜೊತೆಗೆ ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಗೆ ಅಂತ 36 ಪೈಸೆ. ಒಟ್ಟು 6 ರೂಪಾಯಿ 68 ಪೈಸೆ. ಇಂಧನ ಹೊಂದಾಣಿಕೆ ಅಂತ ತಿಂಗಳು ತಿಂಗಳು ಸ್ವಲ್ಪ ಮೇಲೆ ಕೆಳಗೆ ಆಗುತ್ತದೆ, ಅದನ್ನು ಬಿಟ್ಟುಬಿಡೋಣ. ಇದಲ್ಲದೆ ನಿಗದಿತ ಶುಲ್ಕ ಕಿಲೋವ್ಯಾಟಿಗೆ 145 ರೂಪಾಯಿ, ನಿಮ್ಮ 3 ಕಿಲೋವ್ಯಾಟಿಗೆ 435. ನಿಮ್ಮ ಬಿಲ್ಲಿನಲ್ಲಿ ದರ ಬೇರೆ ಇದ್ದರೆ ಅದನ್ನೇ ಹಿಡಿಯಿರಿ, ದರ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತಿರುತ್ತದೆ. ಪೆಟ್ರೋಲ್ 103 ರೂಪಾಯಿ ಅಂತ ಹಿಡಿಯೋಣ.

ಬರೀ ಓಡಿಸುವ ಖರ್ಚು ನೋಡಿದರೆ ಕರೆಂಟಿನಲ್ಲಿ ಕಿಲೋಮೀಟರಿಗೆ ಎರಡೂವರೆ ರೂಪಾಯಿ. ಪೆಟ್ರೋಲಿನಲ್ಲಿ 11 ರೂಪಾಯಿ 44 ಪೈಸೆ. ನಾಲ್ಕು ಪಟ್ಟಿಗೂ ಮೇಲೆ. ಇಷ್ಟು ಅಂತರ ಯಾಕೆ ಅನ್ನೋದು ತಿಳಿಯಬೇಕಾದ ಸಂಗತಿ. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿಯನ್ನು ಕರೆಂಟಿನ ಲೆಕ್ಕದಲ್ಲಿ ಹೇಳಿದರೆ ಸುಮಾರು 9 ಯೂನಿಟ್. ನಿಮ್ಮ ಗಾಡಿ ಊರೊಳಗೆ ಆ 9 ಯೂನಿಟ್ ಸುಟ್ಟು ಹೋಗೋದು 9 ಕಿ.ಮೀ., ಅಂದರೆ ಯೂನಿಟ್‌ಗೆ ಒಂದೇ ಕಿಲೋಮೀಟರು. ಅದೇ ಗಾಡಿ, ಅದೇ ತೂಕ, ಅದೇ ರಸ್ತೆ, ಮೋಟಾರಿನಲ್ಲಿ ಯೂನಿಟ್‌ಗೆ 2.67. ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚಿನ ಪಾಲು ರೇಡಿಯೇಟರು ಮತ್ತು ಸೈಲೆನ್ಸರ್ ದಾರಿಯಲ್ಲಿ ಬಿಸಿಯಾಗಿ ಹೊರಗೆ ಹೋಗುತ್ತದೆ. ಜಗತ್ ಸರ್ಕಲ್ ಸಿಗ್ನಲ್‌ನಲ್ಲಿ ಮೇ ತಿಂಗಳ ಮಧ್ಯಾಹ್ನ ನಿಂತಾಗ ಪಕ್ಕದ ಗಾಡಿಯ ಬಾನೆಟ್ಟಿನಿಂದ ಝಳ ಬರುತ್ತದಲ್ಲ, ಅದು ಯಾರೋ ದುಡ್ಡು ಕೊಟ್ಟು ಕೊಂಡ ಪೆಟ್ರೋಲು.

ಒಂದು ಸಣ್ಣ ಸೂತ್ರ ಕೊಡ್ತೀನಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳಿ. ಪೆಟ್ರೋಲ್ ದರವನ್ನು ಯೂನಿಟ್‌ಗೆ ಎಷ್ಟು ಕಿ.ಮೀ. ಅನ್ನೋದರಿಂದ ಗುಣಿಸಿ, ಲೀಟರಿಗೆ ಎಷ್ಟು ಕಿ.ಮೀ. ಅನ್ನೋದರಿಂದ ಭಾಗಿಸಿ. ನಿಮಗೆ ಊರೊಳಗೆ 103 ಗುಣಿಸು 2.67 ಭಾಗಿಸು 9, ಅಂದರೆ 30 ರೂಪಾಯಿ 50 ಪೈಸೆ ಬರುತ್ತದೆ. ಇದರ ಅರ್ಥ, ಒಂದು ಯೂನಿಟ್ ಕರೆಂಟಿಗೆ 30 ರೂಪಾಯಿ ಕೊಡುವವರೆಗೂ ನಿಮಗೆ ಪೆಟ್ರೋಲಿಗಿಂತ ಕರೆಂಟೇ ಅಗ್ಗ. ಅದನ್ನು ದಾಟಿದರೆ ಪೆಟ್ರೋಲ್. ಎಲ್ಲಿ ಚಾರ್ಜ್ ಮಾಡಿದರೂ ಈ ಒಂದು ಅಂಕಿ ತಲೆಯಲ್ಲಿದ್ದರೆ ಸಾಕು.

ಹೈವೇಯಲ್ಲಿ ಈ ಅಂಕಿ ಬೇರೆ. ಜೋರಾಗಿ ಓಡಿಸಿದಾಗ ಗಾಳಿಯ ತಡೆ ಹೆಚ್ಚಿ ಯೂನಿಟ್‌ಗೆ 2.3 ಕಿ.ಮೀ. ಬಂದರೆ ಹೆಚ್ಚು. ಅದೇ ಹೊತ್ತಿಗೆ ಎಂಜಿನ್ ಹೈವೇಯಲ್ಲಿ ಹದವಾಗಿ ಓಡಿ ಲೀಟರಿಗೆ 13 ಕೊಡುತ್ತದೆ. ಲೆಕ್ಕ ಮಾಡಿದರೆ 18 ರೂಪಾಯಿ ಚಿಲ್ಲರೆ. ಅಂದರೆ ಬ್ಯಾಟರಿಯಲ್ಲಿರುವ ಅದೇ ಒಂದು ಯೂನಿಟ್ ಊರೊಳಗೆ ನಿಮಗೆ 30 ರೂಪಾಯಿಯ ಪೆಟ್ರೋಲ್ ಉಳಿಸುತ್ತದೆ, ಬೀದರ್‌ಗೆ ಹೋಗುವ ಹುಮನಾಬಾದ್ ರಸ್ತೆಯಲ್ಲಿ 18 ರೂಪಾಯಿಯದ್ದಷ್ಟೇ ಉಳಿಸುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಬೀದರ್ ಮಾತಿಗೆ ಬಂದಾಗ ಬೇಕಾಗುತ್ತದೆ.

ಈಗ ನಿಮ್ಮ ಯಜಮಾನರ ಮಾತಿಗೆ ಬರೋಣ. ಅವರ ಅಂಜಿಕೆಯಲ್ಲಿ ಹುರುಳಿದೆ. ಗೃಹಜ್ಯೋತಿ 2023ರ ಆಗಸ್ಟ್ 5ರಂದು ನಮ್ಮ ಕಲಬುರಗಿಯಲ್ಲೇ ಉದ್ಘಾಟನೆ ಆಯ್ತು, ನಿಮಗೂ ನೆನಪಿರಬೇಕು. ನಿಯಮ ಹೀಗೆ. 2022–23ರಲ್ಲಿ ನೀವು ತಿಂಗಳಿಗೆ ಸರಾಸರಿ ಬಳಸಿದ್ದರ ಮೇಲೆ ಇನ್ನೊಂದು 10 ಪರ್ಸೆಂಟ್ ಸೇರಿಸಿ ಅಷ್ಟು ಉಚಿತ. ನಿಮ್ಮ ಸರಾಸರಿ 130 ಇದ್ದಿರಬೇಕು, ಅದಕ್ಕೇ 143. ಅದನ್ನು ದಾಟಿದರೂ 200ರ ಒಳಗಿದ್ದರೆ, ಹೆಚ್ಚಾದ ಯೂನಿಟ್‌ಗಷ್ಟೇ ದುಡ್ಡು. ಆದರೆ 200 ದಾಟಿತು ಅಂದ್ರೆ ಆ ತಿಂಗಳ ಪೂರ್ತಿ ಬಿಲ್ ನೀವೇ ಕಟ್ಟಬೇಕು, ಮೊದಲನೇ ಯೂನಿಟ್‌ನಿಂದ ಹಿಡಿದು, ನಿಗದಿತ ಶುಲ್ಕವೂ ಸೇರಿ. 200 ಅನ್ನೋದು ಹೊಸ್ತಿಲು. ಒಂದು ಕಾಲು ಆಚೆ ಇಟ್ಟರೂ ಮನೆಯಿಂದ ಹೊರಗೆ ಬಿದ್ದಂತೆ.

ನಿಮ್ಮ 140 ಯೂನಿಟ್ ಮನೆಗೆ ಇದನ್ನು ಕೂಡಿಸಿ ನೋಡೋಣ. ತಿಂಗಳಿಗೆ ಐದು ಸಲ ಮಾತ್ರ ಚಾರ್ಜ್ ಮಾಡಿದಿರಿ ಅಂದುಕೊಳ್ಳಿ. 52 ಯೂನಿಟ್ ಚಿಲ್ಲರೆ. ಒಟ್ಟು 192. 200ರ ಒಳಗೇ ಇದ್ದೀರಿ. 143ರ ಮೇಲಿನ ಯೂನಿಟ್‌ಗಳಿಗೆ ಸುಮಾರು 330 ರೂಪಾಯಿ ಕಟ್ಟುತ್ತೀರಿ. ಅಷ್ಟು ಚಾರ್ಜಿನಲ್ಲಿ 140 ಕಿ.ಮೀ. ಓಡಿತು, ಅದಕ್ಕೆ ಪೆಟ್ರೋಲ್ ಹಾಕಿದ್ದರೆ 1,600 ಆಗುತ್ತಿತ್ತು. ಉಳಿದದ್ದು 1,270. ಚೆನ್ನಾಗಿದೆ ಅಲ್ವಾ?

ಆರನೇ ಸಲ ಚಾರ್ಜ್ ಮಾಡಿದಿರಿ. ಒಟ್ಟು 203 ಯೂನಿಟ್. ಹೊಸ್ತಿಲು ದಾಟಿತು. 203 ಯೂನಿಟ್‌ಗೂ ಸೇರಿ 1,356, ನಿಗದಿತ ಶುಲ್ಕ 435, ಒಟ್ಟು 1,791 ರೂಪಾಯಿ ಬಿಲ್. ಉಳಿಸಿದ ಪೆಟ್ರೋಲ್ 1,923 ರೂಪಾಯಿಯದ್ದು. ನಿಮ್ಮ ಕೈಯಲ್ಲಿ ಉಳಿದದ್ದು 130 ರೂಪಾಯಿ! ಕಾರಿಗೆ ಹೋದ ಯೂನಿಟ್‌ಗಳ ಮೇಲೆ ಈ ಇಡೀ ಬಿಲ್ ಹಂಚಿದರೆ ಯೂನಿಟ್‌ಗೆ 28 ರೂಪಾಯಿ ಬೀಳುತ್ತದೆ. ಆ ಒಂದೇ ಒಂದು ಚಾರ್ಜಿನಿಂದ 1,140 ರೂಪಾಯಿ ಹೋಯ್ತು. ನಿಮ್ಮ ಯಜಮಾನರು ಹೆದರೋದು ಇದಕ್ಕೇ, ಮತ್ತು ಆರನೇ ಚಾರ್ಜಿನ ಮಟ್ಟಿಗೆ ಅವರ ಮಾತು ನೂರಕ್ಕೆ ನೂರು ಸರಿ.

ಆದರೆ ಅಲ್ಲಿಗೆ ನಿಲ್ಲಬೇಡಿ, ಮುಂದೆ ಹೋಗಿ. ಹೊಸ್ತಿಲು ದಾಟಿದ ಮೇಲೆ ಕಳೆದುಕೊಳ್ಳೋದಕ್ಕೆ ಇನ್ನೇನೂ ಉಳಿದಿಲ್ಲ. ಅಲ್ಲಿಂದ ಆಚೆಗೆ ಪ್ರತಿ ಚಾರ್ಜಿಗೆ 70 ರೂಪಾಯಿ ಕರೆಂಟು, 320 ರೂಪಾಯಿ ಪೆಟ್ರೋಲ್ ಉಳಿತಾಯ, ಅಂದರೆ ಪ್ರತಿ ಸಲ 250 ರೂಪಾಯಿ ಲಾಭ. ಹನ್ನೊಂದನೇ ಚಾರ್ಜಿಗೆ ಬಂದಾಗ ನೀವು ಐದು ಚಾರ್ಜಿನ ಉಳಿತಾಯವನ್ನು ಮತ್ತೆ ದಾಟುತ್ತೀರಿ. ನಿಮ್ಮ ಓಡಾಟ ದಿನಕ್ಕೆ 25 ಕಿ.ಮೀ., ತಿಂಗಳಲ್ಲಿ 24 ದಿನ ಅಂದರೆ 600 ಕಿ.ಮೀ. ಅದನ್ನು ಪೂರ್ತಿ ಕರೆಂಟಿನಲ್ಲೇ ಓಡಿಸಿದರೆ 225 ಯೂನಿಟ್. ಮನೆಯದೂ ಸೇರಿ 365 ಯೂನಿಟ್‌ಗೆ ಬಿಲ್ ಸುಮಾರು 2,870. ಪೆಟ್ರೋಲ್ ಹಾಕಿದ್ದರೆ 6,870. ಅಲ್ಲಿಗೆ 4 ಸಾವಿರ ಉಳಿಯಿತು. ಸೊನ್ನೆ ಬಿಲ್ ಹೋದ ನಷ್ಟವನ್ನೂ ಕಾರಿನ ತಲೆಗೇ ಕಟ್ಟಿದರೂ ಯೂನಿಟ್‌ಗೆ 13 ರೂಪಾಯಿ ಆಗುವುದಿಲ್ಲ. ನಮ್ಮ ಗೆರೆ ಇರೋದು 30ಕ್ಕೆ.

ಹಾಗಾಗಿ ನಿಮ್ಮ ಮನೆಗೆ ನಾನು ಹೇಳೋದು ಇಷ್ಟೇ. ಮಾಡಿದರೆ ದಿನಾ ಚಾರ್ಜ್ ಮಾಡಿ. ಇಲ್ಲದಿದ್ದರೆ, ಕಾಲೇಜಿಗೆ ರಜೆ ಇದ್ದು ಕಾರು ಹೆಚ್ಚು ಓಡದ ತಿಂಗಳಲ್ಲಿ, ಐದಕ್ಕೆ ನಿಲ್ಲಿಸಿ. ಆರರಿಂದ ಹತ್ತರ ನಡುವೆ ಸಿಕ್ಕಿಹಾಕಿಕೊಳ್ಳಬೇಡಿ. ಮೀಟರ್ ರೀಡರ್ ಬಂದು ಹೋದ ದಿನ ಕ್ಯಾಲೆಂಡರಿನ ಮೇಲೆ ರೀಡಿಂಗ್ ಬರೆದಿಡಿ. ಲೆಕ್ಕ ಶುರುವಾಗೋದು ತಿಂಗಳ ಒಂದನೇ ತಾರೀಖಿನಿಂದ ಅಲ್ಲ, ಆ ದಿನದಿಂದ. ರಜೆಯ ತಿಂಗಳಲ್ಲಿ ಅರ್ಧ ದಾರಿಗೆ 100 ದಾಟಿದೆಯಾ ಅಂತ ಒಮ್ಮೆ ನೋಡಿಕೊಂಡರೆ ಸಾಕು.

ಬೇಸಿಗೆಯ ಮಾತು ಬೇರೆ. ಮಾರ್ಚ್ ಕೊನೆಗೆ ಕೂಲರ್ ಶುರು, ಏಪ್ರಿಲ್‌ಗೆ ಎಸಿ. ನಮ್ಮ ಕಡೆ 42, 43 ಡಿಗ್ರಿ ಬಿಸಿಲಿಗೆ ಯಾವ ಮನೆ 140ರಲ್ಲಿ ನಿಲ್ಲುತ್ತದೆ? ಕಾರು ಇರಲಿ ಬಿಡಲಿ, ಆ ಎರಡು ಮೂರು ತಿಂಗಳು ನಿಮ್ಮ ಮನೆ ಹೇಗೂ 200 ದಾಟುತ್ತದೆ. ಆಗ ಸೊನ್ನೆ ಬಿಲ್ಲಿನ ಚಿಂತೆಯೇ ಇಲ್ಲ, ಕಾರಿಗೆ ಹೋಗುವ ಪ್ರತಿ ಯೂನಿಟ್ ನೇರವಾಗಿ 6 ರೂಪಾಯಿ 68 ಪೈಸೆಗೆ ಸಿಗುತ್ತದೆ. ಆ ತಿಂಗಳುಗಳಲ್ಲಿ ಪೆಟ್ರೋಲಿನಲ್ಲಿ ಊರೊಳಗೆ ಓಡಿಸೋದು ಸುಮ್ನೆ ದುಡ್ಡು ಸುಟ್ಟಂತೆ. ಒಂದು ಎಚ್ಚರಿಕೆ ಮಾತ್ರ, ಮಧ್ಯಾಹ್ನ ಬಿಸಿಲಲ್ಲಿ ಓಡಿಸಿ ಬಂದ ತಕ್ಷಣ ಚಾರ್ಜ್‌ಗೆ ಹಾಕಬೇಡಿ. ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ. ನೆರಳಲ್ಲಿ ನಿಲ್ಲಿಸಿ, ತಣ್ಣಗಾದ ಮೇಲೆ ರಾತ್ರಿ ಹಾಕಿ. ಕಾರಿನಲ್ಲೇ ಟೈಮರ್ ಇರುತ್ತದೆ, ಬೆಳಗಿನ ಜಾವ ಶುರುವಾಗುವಂತೆ ಇಟ್ಟರೆ ಇನ್ನೂ ಒಳ್ಳೆಯದು. ನಿಮ್ಮ ಲೋಡ್ 3 ಕಿಲೋವ್ಯಾಟ್ ಅಷ್ಟೇ. ಎಸಿ ಒಂದೂವರೆ, ಕಾರು 2.3, ಅದರ ಜೊತೆ ಗೀಸರ್ ಹಾಕಿದರೆ ಎರಡರಷ್ಟು ಹತ್ತಿರ ಹೋಗುತ್ತದೆ. ಮಂಜೂರಾದದ್ದಕ್ಕಿಂತ ಹೆಚ್ಚು ಎಳೆದರೆ ದಂಡ ಬೀಳುತ್ತದೆ. ದಿನಾ ಚಾರ್ಜ್ ಮಾಡುವ ಮನಸ್ಸಿದ್ದರೆ ಜೆಸ್ಕಾಂ ಸೆಕ್ಷನ್ ಆಫೀಸಿಗೆ ಹೋಗಿ ಲೋಡ್ ಒಂದು ಕಿಲೋವ್ಯಾಟ್ ಏರಿಸಿಕೊಳ್ಳಿ, ತಿಂಗಳಿಗೆ 145 ರೂಪಾಯಿ ಜಾಸ್ತಿ ಆಗುತ್ತದೆ, ಆಗಲಿ.

ಸಾಕೆಟ್ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳದೆ ಬಿಡಲು ನನಗೆ ಮನಸ್ಸಾಗುವುದಿಲ್ಲ. ಐದು ವರ್ಷದ ಹಿಂದೆ ನಮ್ಮ ಮನೆಯ ಪೋರ್ಚಿನಲ್ಲಿ ಒಂದು ಹಳೆಯ ಪವರ್ ಪ್ಲಗ್ಗಿಗೇ ಗಾಡಿ ಚಾರ್ಜ್‌ಗೆ ಹಾಕುತ್ತಿದ್ದೆ. ಮೊದಲು ನೀರೆತ್ತುವ ಮೋಟಾರಿಗೆ ಹಾಕಿಸಿದ್ದು. ಮೋಟಾರು ಓಡೋದು ಇಪ್ಪತ್ತು ನಿಮಿಷ, ಗಾಡಿ ನಾಲ್ಕೈದು ಗಂಟೆ ಬಿಡದೆ ಎಳೆಯುತ್ತದೆ. ಒಂದು ರಾತ್ರಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಹೋಗಿ ನೋಡಿದರೆ ಸಾಕೆಟ್ಟಿನ ಒಂದು ತೂತಿನ ಸುತ್ತ ಕಂದು ಬಣ್ಣದ ಉಂಗುರ, ಪ್ಲಗ್ಗಿನ ಪಿನ್ ಮೆತ್ತಗಾದ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಕೀಳಲೂ ಬರಲಿಲ್ಲ. ಮೇನ್ ಆಫ್ ಮಾಡಿದೆ. ಒಳಗೆ ವೈರು ತೆಳುವಾದದ್ದು, ಸ್ಕ್ರೂ ಸಡಿಲ. ಅವತ್ತು ಮನೆಯವರೆಲ್ಲ ಒಳಗೆ ಮಲಗಿದ್ದರು. ಆ ರಾತ್ರಿ ನೆನೆಸಿಕೊಂಡರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. ದಯವಿಟ್ಟು ಮೀಟರ್ ಬೋರ್ಡಿನಿಂದ ನೇರವಾಗಿ 4 ಸ್ಕ್ವೇರ್ ಎಂಎಂ ತಾಮ್ರದ ವೈರು ಎಳೆಸಿ, ಒಳ್ಳೆಯ 16 ಆಂಪಿಯರ್ ಸಾಕೆಟ್, ಲೋಡ್ ಹೆಚ್ಚಾದರೆ ತಾನೇ ಬೀಳುವ ಪ್ರತ್ಯೇಕ ಎಂಸಿಬಿ, ಕರೆಂಟ್ ಸೋರಿಕೆ ಆದರೆ ಕಟ್ ಆಗುವ ಆರ್‌ಸಿಸಿಬಿ ಹಾಕಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಬೇಸಿಗೆಯಲ್ಲಿ ನಮ್ಮ ಎರೆಮಣ್ಣು ಬಿರುಕು ಬಿಟ್ಟು ಅರ್ಥಿಂಗ್ ಗುಂಡಿ ಒಣಗುತ್ತದೆ, ಆಗ ಇದು ಆಗೋದು ಹೆಚ್ಚು. ಚಾರ್ಜರ್ ಕೆಟ್ಟಿತು ಅಂತ ಓಡಾಡುವ ಮುಂಚೆ ಗುಂಡಿಗೆ ಎರಡು ಕೊಡ ನೀರು ಹಾಕಿ ನೋಡಿ.

ಪಕ್ಕದ ಮನೆಯವರ ಕಾರಿನ ವಿಷಯ. ಅದು ಹೈರೈಡರ್, ಗ್ರ್ಯಾಂಡ್ ವಿಟಾರಾ ಥರದ ಸ್ಟ್ರಾಂಗ್ ಹೈಬ್ರಿಡ್ ಇರಬೇಕು. ಅವುಗಳ ಬ್ಯಾಟರಿ ಒಂದು ಯೂನಿಟ್ ಕೂಡ ಇಲ್ಲ, ಪ್ಲಗ್ ಹಾಕುವ ಜಾಗವೇ ಇಲ್ಲ. ತಾನೇ ಚಾರ್ಜ್ ಆಗುತ್ತದೆ ಅನ್ನೋದು ಕೇಳಲು ಚೆಂದ, ಆದರೆ ಆ ಕರೆಂಟು ಬರೋದು ಅವರು ಹಾಕಿಸಿದ ಪೆಟ್ರೋಲಿನಿಂದಲೇ. ಬ್ರೇಕ್ ಹಿಡಿದಾಗ ವಾಪಸ್ ಸಿಗುವ ಕರೆಂಟು ಕೂಡ ಮೊದಲು ಪೆಟ್ರೋಲ್ ಸುಟ್ಟು ಪಡೆದ ವೇಗವೇ. ಹಾಗಂತ ಅದು ಕೆಟ್ಟ ಗಾಡಿ ಅಲ್ಲ. ಕಂಪನಿ ಹೇಳುವ ಅಂಕಿ ಲೀಟರಿಗೆ 27.97, ನಿಜವಾಗಿ 20 ಬಂದರೂ ಕಿಲೋಮೀಟರಿಗೆ 5 ರೂಪಾಯಿ ಚಿಲ್ಲರೆ. ನೀವು ಚಾರ್ಜ್ ಮಾಡಿದರೆ ಅವರಿಗಿಂತ ಅರ್ಧ ಖರ್ಚಿನಲ್ಲಿ ಓಡಿಸ್ತೀರಿ. ಚಾರ್ಜ್ ಮಾಡದಿದ್ದರೆ ಅವರ ಎರಡರಷ್ಟು ಖರ್ಚು ಮಾಡ್ತೀರಿ. ಪ್ಲಗ್-ಇನ್ ಗಾಡಿಯ ಸ್ವಭಾವವೇ ಹೀಗೆ, ಪ್ಲಗ್ ಹಾಕದೆ ಓಡಿಸಿದರೆ ಖಾಲಿ ಬ್ಯಾಟರಿಯನ್ನು ಹೊತ್ತು ತಿರುಗುವ ಭಾರದ ಪೆಟ್ರೋಲ್ ಗಾಡಿ.

ನಿಮ್ಮ ಕಾರಿನಲ್ಲೂ ಎಂಜಿನ್ನಿನಿಂದ ಬ್ಯಾಟರಿ ತುಂಬುವ ಒಂದು ಗುಂಡಿ ಇರಬಹುದು, ಚಾರ್ಜ್ ಮೋಡ್ ಅಂತ. ಅದನ್ನು ಒತ್ತಬೇಡಿ. ಒಂದು ಲೀಟರ್ ಸುಟ್ಟರೆ ಬ್ಯಾಟರಿಗೆ ಎರಡೂವರೆ ಯೂನಿಟ್ ಸೇರಿದರೆ ಹೆಚ್ಚು, ಅಂದರೆ ಯೂನಿಟ್‌ಗೆ 40 ರೂಪಾಯಿ ಮೇಲೆ. ಮನೆಯಲ್ಲಿ ಆರೂ ಮುಕ್ಕಾಲಿಗೆ ಸಿಗೋದನ್ನು 40ಕ್ಕೆ ಯಾಕೆ ಕೊಳ್ಳಬೇಕು ಹೇಳಿ.

ಅದರ ಪಕ್ಕದಲ್ಲೇ ಇರುವ ಇನ್ನೊಂದು ಗುಂಡಿ, ಹೋಲ್ಡ್ ಅಂತಲೋ ಸೇವ್ ಅಂತಲೋ ಬರೆದಿರುತ್ತದೆ, ಅದು ಬ್ಯಾಟರಿಯಲ್ಲಿರೋದನ್ನು ಹಾಗೇ ಉಳಿಸಿ ಪೆಟ್ರೋಲಿನಲ್ಲಿ ಓಡಿಸುತ್ತದೆ, ನಿಮ್ಮ ಬೀದರ್ ದಾರಿಗೆ ಬಹಳ ಉಪಯೋಗ. ಇಲ್ಲಿಂದ ಹುಮನಾಬಾದ್ ಮೇಲೆ ಬೀದರ್‌ಗೆ 115 ಕಿ.ಮೀ. ಆಸುಪಾಸು. ಹೊರಡುವಾಗ ಫುಲ್ ಚಾರ್ಜ್ ಇದ್ದರೆ ಕಾರು ಮೊದಲ 25 ಕಿ.ಮೀ. ಆಸುಪಾಸಿನಲ್ಲೇ ಎಲ್ಲ ಖಾಲಿ ಮಾಡಿಬಿಡುತ್ತದೆ, ಅದರಲ್ಲಿ ಹೆಚ್ಚಿನದು ಹೈವೇಯಲ್ಲೇ. ಅಲ್ಲಿ ಯೂನಿಟ್‌ಗೆ ಉಳಿಯೋದು 18 ರೂಪಾಯಿ. ಅದರ ಬದಲು ಕಲಬುರಗಿ ದಾಟುವವರೆಗೆ ಕರೆಂಟಿನಲ್ಲಿ ಹೋಗಿ, ರಿಂಗ್ ರೋಡ್ ದಾಟಿದ ಮೇಲೆ ಹೋಲ್ಡ್ ಒತ್ತಿ. ಉಳಿದದ್ದು ಹುಮನಾಬಾದ್ ಪೇಟೆಗೆ, ಬೀದರ್‌ನ ಗಲ್ಲಿಗಳಿಗೆ, ತವರಿನವರ ಜೊತೆ ಕೋಟೆ ಕಡೆ, ಗುರುದ್ವಾರದ ಕಡೆ ಸುತ್ತಾಡೋದಕ್ಕೆ ಆಗುತ್ತದೆ. ಅದೇ ಯೂನಿಟ್ ಅಲ್ಲಿ 30 ರೂಪಾಯಿ ದುಡಿಯುತ್ತದೆ. ಒಂದು ಸಲದ ಪ್ರಯಾಣಕ್ಕೆ ಉಳಿಯೋದು 60, 70 ರೂಪಾಯಿ ಇರಬಹುದು, ಆದರೆ ಒಂದು ಗುಂಡಿ ಒತ್ತುವ ಕೆಲಸಕ್ಕೆ ಅಷ್ಟು ಸಾಕಲ್ವಾ.

ದಾರಿಯಲ್ಲಿ ಸಿಗುವ ಚಾರ್ಜಿಂಗ್ ಸ್ಟೇಷನ್ ನಿಮಗಲ್ಲ. ಪ್ಲಗ್-ಇನ್ ಹೈಬ್ರಿಡ್‌ಗಳಲ್ಲಿ ಬಹುತೇಕ ಗಾಡಿಗಳು ಫಾಸ್ಟ್ ಚಾರ್ಜ್ ತಗೊಳ್ಳೋದೇ ಇಲ್ಲ, ಎರಡು ಮೂರು ಗಂಟೆ ಕೂರಬೇಕು. ಬೆಲೆಯೂ ಹಾಗೇ. ಬೋರ್ಡಿನ ಮೇಲೆ ಯೂನಿಟ್‌ಗೆ 18 ರೂಪಾಯಿ ಇದ್ದರೆ ಜಿಎಸ್‌ಟಿ 18 ಪರ್ಸೆಂಟ್ ಸೇರಿ 21 ದಾಟುತ್ತದೆ. ನಿಮ್ಮ ಹೈವೇ ಗೆರೆ 18. ಅಲ್ಲಿ ಚಾರ್ಜ್ ಮಾಡಿ ಹೈವೇಯಲ್ಲಿ ಓಡಿಸಿದರೆ ಪೆಟ್ರೋಲಿಗಿಂತ ದುಬಾರಿ. ಅದೇ 21 ರೂಪಾಯಿಯ ಕರೆಂಟು ಊರೊಳಗೆ ಓಡಿಸಲು ಲಾಭವೇ, ಆದರೆ ಊರೊಳಗೆ ನಿಮಗೆ ಮನೆ ಇದೆಯಲ್ಲ.

ಬೀದರ್ ಪ್ರಯಾಣಗಳ ಪೆಟ್ರೋಲ್ ಖರ್ಚು ತಿಂಗಳಿಗೆ ಮೂರೂವರೆ ಸಾವಿರದ ಆಸುಪಾಸು ಇದ್ದೇ ಇರುತ್ತದೆ, ಅದನ್ನು ಕರೆಂಟು ತಪ್ಪಿಸಲಾರದು. ಈ ಪೆಟ್ರೋಲ್ ಓಡಾಟದಿಂದ ಒಂದು ಅನುಕೂಲವೂ ಇದೆ. ಬರೀ ಕರೆಂಟಿನಲ್ಲೇ ಓಡಿಸುವವರ ಟ್ಯಾಂಕಿನಲ್ಲಿ ಪೆಟ್ರೋಲ್ ತಿಂಗಳುಗಟ್ಟಲೆ ಕೂತು ಹಳಸುತ್ತದೆ. ಈಗ ಬರೋದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್, ಎಥನಾಲ್ ತೇವ ಎಳೆದುಕೊಳ್ಳುತ್ತದೆ. ನಿಮ್ಮದು ಹದಿನೈದು ದಿನಕ್ಕೊಮ್ಮೆ ಓಡಿ ಖರ್ಚಾಗುತ್ತದೆ, ಎಂಜಿನ್ನಿಗೂ ಒಳ್ಳೆಯದು. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲಿನ ಮೂರನೇ ಎರಡು ಪಾಲಷ್ಟೇ, ಹಾಗಾಗಿ ಅಣ್ಣ ಹೇಳಿದ ಹಳೆಯ ಮೈಲೇಜನ್ನು ನಂಬಬೇಡಿ. ಒಂದು ಸಲ ಫುಲ್ ಟ್ಯಾಂಕ್ ಮಾಡಿಸಿ, ಬೀದರ್‌ಗೆ ಹೋಗಿ ಬಂದು ಮತ್ತೆ ಫುಲ್ ಮಾಡಿಸಿ, ನೀವೇ ಲೆಕ್ಕ ತೆಗೆಯಿರಿ. 13ರ ಬದಲು 12 ಬಂದರೆ ಮೇಲಿನ ಸೂತ್ರದಲ್ಲಿ ಅದನ್ನು ಹಾಕಿ.

ಇನ್ನು ತವರುಮನೆಯಲ್ಲಿ ಚಾರ್ಜ್‌ಗೆ ಹಾಕೋದು. ಹಾಕಿ, ಆದರೆ ಅಮ್ಮನ ಮನೆಯ ಬಿಲ್ ಒಮ್ಮೆ ಕೇಳಿ ನೋಡಿಕೊಳ್ಳಿ. ಅವರದೂ ಗೃಹಜ್ಯೋತಿ ಆಗಿದ್ದರೆ, ಅವರ ಬಳಕೆ 190ರ ಹತ್ತಿರ ಇದ್ದರೆ, ನಿಮ್ಮ ಒಂದು ರಾತ್ರಿಯ ಹತ್ತೂವರೆ ಯೂನಿಟ್ ಅವರನ್ನು ಹೊಸ್ತಿಲು ದಾಟಿಸಿಬಿಡುತ್ತದೆ. ನಿಮಗೆ ಉಳಿಯೋದು 320 ರೂಪಾಯಿ, ಅವರಿಗೆ ಬೀಳೋದು ಸಾವಿರದ ಮೇಲೆ. ಅವರು 120, 130ರಲ್ಲಿದ್ದರೆ ಏನೂ ತೊಂದರೆ ಇಲ್ಲ, ಧಾರಾಳವಾಗಿ ಹಾಕಿ. ತವರಿನವರು ಇದನ್ನು ನಿಮಗೆ ಬಾಯಿಬಿಟ್ಟು ಹೇಳುವುದಿಲ್ಲ ಅಕ್ಕಾವ್ರೇ, ನೀವೇ ಮೀಟರ್ ನೋಡಿ.